ಕಪ್ಪಗಾದ ಫಿಲ್ಟರ್ ಕೆಟ್ಟ ಫಿಲ್ಟರ್ ಅಲ್ಲ

ಕಾರ್ ಸರ್ವಿಸ್‌ಗೆ ಬಿಟ್ಟಾಗ ಏರ್ ಫಿಲ್ಟರ್ (ಇಂಜಿನ್‌ಗೆ ಹೋಗೋ ಗಾಳೀನ ಸೋಸೋದು) ಬಿಚ್ಚಿ ಕೈಲಿ ಹಿಡ್ಕೊಂಡು ಬಂದು "ನೋಡಿ ಸರ್ ಎಷ್ಟು ಕಪ್ಪಗಾಗಿದೆ, ಚೇಂಜ್ ಮಾಡ್ಬಿಡೋಣ" ಅಂತಾರೆ, ನಾವು ಆ ಕಪ್ಪು ನೋಡಿ ಗಾಬರಿಯಾಗಿ ಹೂಂ ಅಂದ್ಬಿಡ್ತೀವಿ, ಮ್ಯಾನ್ಯುಯಲ್‌ನಲ್ಲಿ ಬರೆದಿರೋ ಕಿಲೋಮೀಟರಿನ ಅರ್ಧ ಕೂಡ ಓಡಿರಲ್ಲ. ಇನ್ನೊಂದು ಗುಂಪು ಇದೆ, "ಕಂಪನಿಯವರು ಫಿಲ್ಟರ್ ಮಾರೋಕೆ ಹಂಗೆ ಬರೆದಿರ್ತಾರೆ, ಕಂಪ್ರೆಸರ್ ಗಾಳಿ ಹೊಡೆಸಿ ವಾಪಸ್ ಹಾಕಿದ್ರೆ ಇನ್ನೊಂದು ವರ್ಷ ಬರುತ್ತೆ" ಅನ್ನೋರು. ನೋಡೋಕೆ ಇವರಿಬ್ರೂ ಎದುರಾಳಿಗಳು, ಆದ್ರೆ ಇಬ್ರ ತಲೇಲೂ ಇರೋ ತಪ್ಪು ಒಂದೇ: ಫಿಲ್ಟರ್ ಅಂದ್ರೆ ಜರಡಿ ಅನ್ನೋದು.

ಜರಡಿ ಅಲ್ಲ ರೀ ಅದು! ಜರಡೀಲಿ ತೂತಿಗಿಂತ ದಪ್ಪ ಇದ್ದದ್ದು ಮೇಲೆ ನಿಲ್ಲುತ್ತೆ, ಸಣ್ಣದು ಕೆಳಗೆ ಬೀಳುತ್ತೆ. ಏರ್ ಫಿಲ್ಟರಿನ ಕಾಗದಾನ ಮೈಕ್ರೋಸ್ಕೋಪ್ ಕೆಳಗಿಟ್ಟು ನೋಡಿದ್ರೆ ಕಾಣೋದು ಸಾಲಾಗಿರೋ ತೂತುಗಳಲ್ಲ, ಅಡ್ಡಾದಿಡ್ಡಿ ಬಿದ್ದಿರೋ ನಾರುಗಳ ಒಂದು ಕಾಡು, ಆ ನಾರುಗಳ ಮಧ್ಯದ ಸಂದು ಎಷ್ಟೋ ಕಡೆ ಧೂಳಿನ ಕಣಕ್ಕಿಂತ ದೊಡ್ಡದಾಗೇ ಇರುತ್ತೆ. ಆದ್ರೂ ಕಣ ಸಿಕ್ಕಿಬೀಳುತ್ತೆ, ಅದೂ ಮೂರು ಬೇರೆ ಬೇರೆ ರೀತೀಲಿ. ಗಾಳಿ ಒಂದೊಂದು ನಾರನ್ನೂ ಬಳಸ್ಕೊಂಡು ಮುಂದೆ ಹೋಗುತ್ತೆ, ಆದ್ರೆ ದಪ್ಪ ಕಣಕ್ಕೆ ಅಷ್ಟು ಬೇಗ ತಿರುಗೋಕಾಗಲ್ಲ, ಲೋಡ್ ಹೊತ್ತು ಜೋರಾಗಿ ಬಂದ ಲಾರಿ ತಿರುವಲ್ಲಿ ನೇರ ಹೋಗಿ ಮರಕ್ಕೆ ಗುದ್ದೋ ಹಾಗೆ ನಾರಿಗೆ ಗುದ್ದಿ ನಿಲ್ಲುತ್ತೆ. ಸ್ವಲ್ಪ ಸಣ್ಣ ಕಣ ಗಾಳಿ ಜೊತೆ ತಿರುಗೋದೇನೋ ತಿರುಗುತ್ತೆ, ಆದ್ರೆ ಪಕ್ಕದಲ್ಲೇ ಹಾದು ಹೋಗುವಾಗ ಮೈ ತಾಗಿ ಅಂಟ್ಕೊಳ್ಳುತ್ತೆ, ಮುಳ್ಳುಪೊದೆ ಪಕ್ಕ ನಡೆದವರ ಬಟ್ಟೆ ಸಿಕ್ಕಿಹಾಕ್ಕೊಂಡ ಹಾಗೆ. ತೀರಾ ಸಣ್ಣ ಕಣಗಳಂತೂ ನೇರ ಹೋಗೋದೇ ಇಲ್ಲ, ಗಾಳಿಯ ಅಣುಗಳು ಆ ಕಡೆ ಈ ಕಡೆಯಿಂದ ಗುದ್ದಿ ಗುದ್ದಿ ಅವನ್ನ ಓಲಾಡಿಸ್ತಾವೆ (ಇದೇ ಬ್ರೌನಿಯನ್ ಚಲನೆ), ಕಣ್ಣಿಗೆ ಬಟ್ಟೆ ಕಟ್ಕೊಂಡು ತೋಪಲ್ಲಿ ಓಡಾಡೋ ಮಗು ಯಾವುದಾದ್ರೂ ಒಂದು ಮರಕ್ಕೆ ತಾಗಲೇಬೇಕಲ್ಲ ಹಂಗೆ.

ಇದರಿಂದ ಒಂದು ವಿಚಿತ್ರ ಆಗುತ್ತೆ. ದಪ್ಪ ಕಣಾನೂ ಸಿಗುತ್ತೆ, ಅತಿ ಸಣ್ಣದೂ ಸಿಗುತ್ತೆ, ಮೈ ತಾಗೋಕೆ ತೀರಾ ಸಣ್ಣದು, ಓಲಾಡೋಕೆ ತೀರಾ ದಪ್ಪ ಅನ್ನೋ ಮಧ್ಯದ್ದೇ ಹೆಚ್ಚು ತಪ್ಪಿಸ್ಕೊಳ್ಳೋದು! 1932ರಲ್ಲಿ ರಸಾಯನಶಾಸ್ತ್ರದ ನೊಬೆಲ್ ತಗೊಂಡಿದ್ದ ಇರ್ವಿಂಗ್ ಲ್ಯಾಂಗ್ಮ್ಯೂರ್ ಎರಡನೇ ಮಹಾಯುದ್ಧದ ಕಾಲದಲ್ಲಿ ಹೊಗೆ ಮತ್ತು ಫಿಲ್ಟರ್ ಬಗ್ಗೆ ಕೆಲಸ ಮಾಡ್ತಾ, ಸೋಸೋಕೆ ಅತಿ ಕಷ್ಟವಾದ ಗಾತ್ರ 0.3 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಆಸುಪಾಸು ಅಂತ ಲೆಕ್ಕ ಹಾಕಿದ್ರು. ನಾರಿನ ದಪ್ಪ, ಗಾಳಿಯ ವೇಗ ಬದಲಾದ್ರೆ ಈ ಸಂಖ್ಯೆಯೂ ಬದಲಾಗುತ್ತೆ. ಅಣುಬಾಂಬಿನ ಯೋಜನೇಲಿ ವಿಕಿರಣದ ಧೂಳು ಹಿಡಿಯೋಕೆ ಮಾಡಿದ ಫಿಲ್ಟರುಗಳೇ ಮುಂದೆ ಹೆಪಾ ಫಿಲ್ಟರ್ ಆಗಿ ಆಪರೇಷನ್ ಥಿಯೇಟರಿಗೂ ವಿಮಾನದ ಕ್ಯಾಬಿನ್ನಿಗೂ ಬಂದಿದ್ದು. ಕಾರಿನ ಕಾಗದ ಅಷ್ಟು ದೊಡ್ಡ ಮನೆತನದ್ದಲ್ಲ, ಆದ್ರೆ ಅದರೊಳಗೆ ನಡೆಯೋ ಭೌತಶಾಸ್ತ್ರ ಅದೇ.

ಈಗ ಮುಖ್ಯ ವಿಷಯ. ನಾರಿಗೆ ಅಂಟಿದ ಧೂಳೇ ಮುಂದಿನ ಧೂಳಿಗೆ ಬಲೆ ಆಗುತ್ತೆ. ಕಾಡಲ್ಲಿ ಬಿದ್ದ ಮರಕ್ಕೆ ಬಳ್ಳಿ ಹಬ್ಬಿ, ಬಳ್ಳಿಗೆ ಎಲೆ ಸಿಕ್ಕಿ ದಾರಿ ದಟ್ಟ ಆಗ್ತಾ ಹೋಗೋ ಹಾಗೆ. ಅಂದ್ರೆ ಹೊಚ್ಚ ಹೊಸ ಏರ್ ಫಿಲ್ಟರ್ ಧೂಳು ಹಿಡಿಯೋದ್ರಲ್ಲಿ ತನ್ನ ಆಯುಷ್ಯದಲ್ಲೇ ಅತಿ ದುರ್ಬಲವಾಗಿರುತ್ತೆ, ಕಪ್ಪಗಾದ ಮೇಲೇ ಅದು ಚೆನ್ನಾಗಿ ಹಿಡಿಯೋದು. ಬೇಗ ಬೇಗ ಬದಲಾಯಿಸಿದ್ರೆ ಇಂಜಿನ್‌ಗೆ ಒಳ್ಳೇದು ಅಂತ ಪ್ರೀತಿಯಿಂದ ಮಾಡೋರು ಪ್ರತಿ ಸಲ ಆ ದುರ್ಬಲ ಹಂತಕ್ಕೇ ವಾಪಸ್ ಹೋಗ್ತಿದ್ದಾರೆ, ಜೊತೆಗೆ ಫಿಲ್ಟರ್ ಕೂತಿರೋ ಡಬ್ಬಿ ತೆಗೆದಾಗಲೆಲ್ಲ ಒಂದಿಷ್ಟು ಧೂಳು ಶುದ್ಧ ಗಾಳಿಯ ಕಡೆಗೇ ಉದುರೋ ಅಪಾಯ ಬೇರೆ. ಗಾಳಿ ಹೊಡೆಸೋದು ಇನ್ನೂ ಕೆಟ್ಟದ್ದು. ಆ ಒತ್ತಡಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ಸೀಳು ಬೀಳಬಹುದು, ಆಮೇಲೆ ಮರಳಿನ ಕಣಕ್ಕೆ ರಾಜಮಾರ್ಗ. ಮರಳು ಅಂದ್ರೆ ಬಹುಪಾಲು ಸ್ಫಟಿಕಶಿಲೆ (ಕ್ವಾರ್ಟ್ಜ್), ಗಡಸುತನ ಅಳೆಯೋ ಮೋಸ್ ಮಾಪಕದಲ್ಲಿ ಹತ್ತಕ್ಕೆ 7, ಸಿಲಿಂಡರ್ ಗೋಡೇನ ಉಜ್ಜಿ ಸವೆಸೋಕೆ ಅಷ್ಟು ಸಾಕು.

ಹಂಗಾದ್ರೆ ಏರ್ ಫಿಲ್ಟರ್ ಬದಲಾಯಿಸೋದು ಯಾಕೆ? ಧೂಳು ಹಿಡಿಯಲ್ಲ ಅಂತಲ್ಲ, ಗಾಳಿ ಬಿಡಲ್ಲ ಅಂತ. ಇಲ್ಲೂ ಒಂದು ಹಳೇ ನಂಬಿಕೆ ಇದೆ, ಫಿಲ್ಟರ್ ಕಟ್ಕೊಂಡ್ರೆ ಮೈಲೇಜ್ ಬಿದ್ದೋಗುತ್ತೆ ಅಂತ. ಸೆನ್ಸರ್ ಇಲ್ಲದೆ ಗಾಳಿಗೆ ಪೆಟ್ರೋಲ್ ಬೆರೆಸ್ತಿದ್ದ ಕಾರ್ಬ್ಯುರೇಟರ್ ಕಾಲದಲ್ಲಿ ಅದು ನಿಜ. ಈಗಿನ ಪೆಟ್ರೋಲ್ ಇಂಜಿನ್‌ನಲ್ಲಿ ಒಳಗೆ ಬಂದ ಗಾಳೀನ ಸೆನ್ಸರ್ ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಚಿಮುಕಿಸುತ್ತೆ. ಮಾಮೂಲಿ ಓಡಿಸುವಾಗ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಷ್ಟೂ ತೆರೆಯೋ ಗಾಳಿಯ ಬಾಗಿಲು) ತಾನೇ ಗಾಳೀನ ಅರ್ಧಂಬರ್ಧ ಮುಚ್ಚಿ ತಡೀತಿರುತ್ತೆ, ಫಿಲ್ಟರ್ ಸ್ವಲ್ಪ ತಡೆದ್ರೆ ಥ್ರಾಟಲ್ ಅಷ್ಟು ಜಾಸ್ತಿ ತೆರೆಯುತ್ತೆ, ಲೆಕ್ಕ ಸಮ ಆಯ್ತು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಇದನ್ನ ಪರೀಕ್ಷೆ ಮಾಡಿ, ಫಿಲ್ಟರ್ ಕಟ್ಕೊಂಡ್ರೂ ಮೈಲೇಜಲ್ಲಿ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಇಲ್ಲ, ಪಿಕಪ್ ಮಾತ್ರ ಕಮ್ಮಿ ಆಗುತ್ತೆ ಅಂತ ತೋರಿಸಿದ್ರು.

ಇನ್ನು ಮ್ಯಾನ್ಯುಯಲ್‌ನ ಸಂಖ್ಯೆ. ಅದು ಸುಳ್ಳೂ ಅಲ್ಲ, ವೇದವಾಕ್ಯಾನೂ ಅಲ್ಲ. ಒಂದು ಲೀಟರ್ ಪೆಟ್ರೋಲ್ ಉರಿಯೋಕೆ ಸುಮಾರು 9000 ಲೀಟರ್ ಗಾಳಿ ಬೇಕು. ಲೀಟರಿಗೆ 15 ಕಿ.ಮೀ. ಕೊಡೋ ಕಾರು 15,000 ಕಿ.ಮೀ. ಓಡಿದ್ರೆ 1000 ಲೀಟರ್ ಪೆಟ್ರೋಲ್, ಅಂದ್ರೆ 9000 ಘನ ಮೀಟರ್ ಗಾಳಿ. ಆ ಗಾಳೀಲಿ ಘನ ಮೀಟರಿಗೆ 50 ಮೈಕ್ರೋಗ್ರಾಂ ಧೂಳಿದ್ರೆ ಫಿಲ್ಟರ್‌ಗೆ ಬರೋದು ಅರ್ಧ ಗ್ರಾಮಿಗೂ ಕಮ್ಮಿ, ಅದೇ 5 ಮಿಲಿಗ್ರಾಂ ಇದ್ರೆ 45 ಗ್ರಾಂ. ಅದೇ ಕಾರು, ಅದೇ ಕಿಲೋಮೀಟರ್, ಧೂಳು ಮಾತ್ರ ನೂರು ಪಟ್ಟು! ಕಂಪನಿಯ ಇಂಜಿನಿಯರಿಗೆ ನಿಮ್ಮ ರಸ್ತೆ ಗೊತ್ತಿಲ್ಲ, ಅದಕ್ಕೇ ಎಷ್ಟೋ ಮ್ಯಾನ್ಯುಯಲ್‌ಗಳಲ್ಲಿ ಎರಡು ಪಟ್ಟಿ ಇರುತ್ತೆ, ಮಾಮೂಲಿ ಬಳಕೆಗೊಂದು, ಕಠಿಣ ಬಳಕೆಗೊಂದು. ಮಣ್ಣು ರಸ್ತೆ, ನಿಂತು ನಿಂತು ಹೋಗೋ ಟ್ರಾಫಿಕ್, ಇಂಜಿನ್ ಬಿಸಿಯಾಗೋ ಮುಂಚೆ ಮುಗಿದುಹೋಗೋ ಸಣ್ಣ ಓಡಾಟ ಇದೆಲ್ಲ ಕಠಿಣ ಬಳಕೆ. ತುಂಬಾ ಜನ ಆ ಎರಡನೇ ಪಟ್ಟಿ ಓದೋದೇ ಇಲ್ಲ, ಅದೇ ನನಗೆ ಬೇಜಾರು.

ಆದ್ರೆ ಇಷ್ಟು ಸ್ವಾತಂತ್ರ್ಯ ಏರ್ ಫಿಲ್ಟರಿಗೆ ಮಾತ್ರ. ಆಯಿಲ್ ಫಿಲ್ಟರ್ ವಿಷಯದಲ್ಲಿ ಸಂಖ್ಯೆ ಮೀರಬೇಡಿ, ದಯವಿಟ್ಟು. 1923ರಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಪ್ಯೂರೊಲೇಟರ್ ಅನ್ನೋ ಆಯಿಲ್ ಫಿಲ್ಟರ್ ತಂದ್ರು, ಅದಕ್ಕೆ ಮುಂಚಿನ ಕಾರುಗಳಲ್ಲಿ ಆಯಿಲ್ಲನ್ನೇ ಪದೇ ಪದೇ ಬದಲಾಯಿಸಬೇಕಿತ್ತು. ಈಗಿನ ಫಿಲ್ಟರ್ ಕಟ್ಕೊಂಡ್ರೆ ಆಯಿಲ್ ನಿಲ್ಲಲ್ಲ, ಬೈಪಾಸ್ ವಾಲ್ವ್ ಅನ್ನೋ ಅಡ್ಡದಾರಿ ತೆರೆದ್ಕೊಂಡು ಸೋಸದೇ ಇರೋ ಆಯಿಲ್ ನೇರ ಬೇರಿಂಗಿಗೆ ಹೋಗುತ್ತೆ, ಆಯಿಲ್ಲೇ ಇಲ್ಲದೆ ಓಡೋದಕ್ಕಿಂತ ಕೊಳೆ ಆಯಿಲ್ ವಾಸಿ ಅಂತ. ನಿಮಗೆ ಸದ್ದೂ ಕೇಳಲ್ಲ, ಲೈಟೂ ಹತ್ತಲ್ಲ. ಡೀಸೆಲ್ ಕಾರಿನ ಫ್ಯೂಯಲ್ ಫಿಲ್ಟರೂ ಹಂಗೇ, 2000 ಬಾರ್ ಒತ್ತಡದಲ್ಲಿ ಕೆಲಸ ಮಾಡೋ ಇಂಜೆಕ್ಟರಿನೊಳಗಿನ ಸಂದು ಕೆಲವೇ ಮೈಕ್ರಾನ್, ಅಲ್ಲಿಗೆ ಒಂದಿಷ್ಟು ನೀರು ಹೋದ್ರೂ ಸಾಕು ಅದು ಕೆಡೋಕೆ. ಕ್ಯಾಬಿನ್ ಫಿಲ್ಟರ್ ಇಂಜಿನ್‌ಗೆ ಸಂಬಂಧಾನೇ ಇಲ್ಲ, ಎಸಿ ಗಾಳಿ ಕಮ್ಮಿ ಆದಾಗ ಅಥವಾ ವಾಸನೆ ಬಂದಾಗ ಬದಲಾಯಿಸಿ, ಇದ್ದಿಲು ಇರೋ ಫಿಲ್ಟರ್ ಆದ್ರೆ ಅದು ತುಂಬಿದ್ದು ಕಣ್ಣಿಗೆ ಕಾಣಲ್ಲ, ದಿನಾಂಕ ನೋಡಿ.

ಟ್ರಾಕ್ಟರ್, ಲಾರಿಗಳಲ್ಲಿ ಏರ್ ಫಿಲ್ಟರ್ ಪೈಪಿಗೆ ಒಂದು ಸಣ್ಣ ಸೂಚಕ ಕೂರಿಸಿರ್ತಾರೆ, ಎಳೆತ ಜಾಸ್ತಿ ಆದ್ರೆ ಕೆಂಪು ತೋರಿಸುತ್ತೆ, ಬಣ್ಣ ನೋಡಿ ಊಹಿಸೋ ಕೆಲಸಾನೇ ಇಲ್ಲ. ಎಷ್ಟೋ ಕಾರುಗಳಲ್ಲಿ ಅದಿಲ್ಲ. ಅದಕ್ಕೆ ನಾನು ಮಾಡೋದು ಇಷ್ಟು: ಸರ್ವಿಸ್ ದಿನ ಡಬ್ಬಿ ತೆಗೆದಾಗ ಫಿಲ್ಟರ್ ದಾಟಿದ ಮೇಲಿನ ಪೈಪೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ ನೋಡ್ತೀನಿ. ಬಟ್ಟೆಗೆ ಮಣ್ಣು ಹತ್ತಿದ್ರೆ ಕಿಲೋಮೀಟರ್ ಲೆಕ್ಕ ಎಲ್ಲ ಬದಿಗಿಟ್ಟು, ರಬ್ಬರ್ ಅಂಚು ಎಲ್ಲಿ ಸರಿಯಾಗಿ ಕೂತಿಲ್ಲ ಅಂತ ಹುಡುಕ್ತೀನಿ.