ಸರಕು ದಡ ಸೇರುತ್ತದೆ, ನಾವಿಕರು?

ಲೋಕದ ವ್ಯಾಪಾರದಲ್ಲಿ ತೂಕದ ಲೆಕ್ಕಕ್ಕೆ ಶೇ 80ರಷ್ಟು ಸರಕು ಸಾಗುವುದು ಸಮುದ್ರದ ಮೇಲೆ. ಅದನ್ನು ಸಾಗಿಸುವವರ ಸುದ್ದಿ ಬರುವುದು ಮಾತ್ರ ಏನಾದರೂ ಎಡವಟ್ಟಾದಾಗ.

ಹಿಂದೆ ಮೂಟೆ, ಪೀಪಾಯಿಗಳನ್ನು ಹಮಾಲರು ಒಂದೊಂದಾಗಿ ಹೊತ್ತು ಇಳಿಸುತ್ತಿದ್ದರು. ಹಡಗು ಖಾಲಿಯಾಗಲು ದಿನಗಟ್ಟಲೆ ಹಿಡಿಯುತ್ತಿತ್ತು. ಅಷ್ಟರಲ್ಲಿ ನಾವಿಕರು ಊರು ಸುತ್ತಿ ಬರುತ್ತಿದ್ದರು. 1956ರ ಏಪ್ರಿಲ್‌ನಲ್ಲಿ ‘ಐಡಿಯಲ್ ಎಕ್ಸ್’ ಹಡಗು 58 ಕಂಟೇನರ್ ಹೊತ್ತು ಅಮೆರಿಕದ ನ್ಯೂವಾರ್ಕ್‌ನಿಂದ ಹೊರಟಿತು. ಆಮೇಲಿನ ದಶಕಗಳಲ್ಲಿ ಸರಕು ಬೇಗ ಇಳಿಯತೊಡಗಿ ಸಾಗಣೆ ಅಗ್ಗವಾಯಿತು, ಹಮಾಲರ ಕೆಲಸ ಹೋಯಿತು, ನಾವಿಕರ ಬಿಡುವೂ ಹೋಯಿತು.

ಗೋಜಲು ಇರುವುದು ಧ್ವಜದಲ್ಲಿ. ಮಾಲೀಕ ಒಂದು ದೇಶದವನು, ನೋಂದಣಿ, ಅಂದರೆ ಹಡಗು ಹಾರಿಸುವ ಧ್ವಜ, ಪನಾಮಾ ಅಥವಾ ಲೈಬೀರಿಯಾದ್ದು, ಸಿಬ್ಬಂದಿ ಫಿಲಿಪ್ಪೀನ್ಸ್‌ನವರೋ ಭಾರತದವರೋ. ಸಂಬಳ ನಿಂತರೆ ಯಾರನ್ನು ಕೇಳಬೇಕು? ಇದಕ್ಕೆಂದೇ 2006ರಲ್ಲಿ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಜಾರಿಗೆ ಬಂದದ್ದು 2013ರಲ್ಲಿ. ಅದರ ಲೆಕ್ಕದಲ್ಲಿ ಯಾರನ್ನೂ ಸತತ 11 ತಿಂಗಳಿಗಿಂತ ಜಾಸ್ತಿ ಹಡಗಿನಲ್ಲಿ ಇರಿಸುವಂತಿಲ್ಲ.

2020ರಲ್ಲಿ ಕೋವಿಡ್ ಬಂತು. ವಿಮಾನ ಇಲ್ಲ, ವೀಸಾ ಇಲ್ಲ, ದಡಕ್ಕೆ ಇಳಿಯಲು ಅನುಮತಿ ಇಲ್ಲ. ಬಿಡಿಯಾಗಿ ನೋಡಿದರೆ ಒಂದೊಂದು ನಿಯಮಕ್ಕೂ ಕಾರಣ ಇತ್ತು. ಆದರೆ ಅದೇ ಬಂದರುಗಳಲ್ಲಿ ಕಂಟೇನರ್‌ಗಳು ಇಳಿಯುತ್ತಲೇ ಇದ್ದವು, ವಿಚಿತ್ರ ಅಲ್ವಾ? ಒಂದು ಹಂತದಲ್ಲಿ ಕಾಂಟ್ರ್ಯಾಕ್ಟ್ ಮುಗಿದರೂ ಹಡಗಿನಲ್ಲೇ ಸಿಕ್ಕಿಕೊಂಡವರು ಸುಮಾರು 4 ಲಕ್ಷ. ಕೆಲವರು 17 ತಿಂಗಳು ಮನೆ ಕಂಡಿರಲಿಲ್ಲ. ಅವರ ಜಾಗಕ್ಕೆ ಹೋಗಬೇಕಿದ್ದವರು ದುಡಿಮೆ ಇಲ್ಲದೆ ಮನೆಯಲ್ಲೇ ಕಾಯುತ್ತಿದ್ದರು.

2021ರ ಮಾರ್ಚ್‌ನಲ್ಲಿ ‘ಎವರ್ ಗಿವನ್’ ಎಂಬ ಕಂಟೇನರ್ ಹಡಗು ಈಜಿಪ್ಟ್‌ನ ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡಾಗ ಆರು ದಿನ ಎಲ್ಲರ ಕಣ್ಣೂ ಅದರ ಮೇಲೇ ಇತ್ತು. ಹಡಗು ಬಿಡಿಸಿಕೊಂಡಿತು, ಸುದ್ದಿ ನಿಂತಿತು. ಅದರಲ್ಲಿದ್ದ 25 ಭಾರತೀಯರ ಪೈಕಿ ಹೆಚ್ಚಿನವರು ಮಾತ್ರ ಕಾಲುವೆಯವರು ಕೇಳಿದ ಪರಿಹಾರದ ಜಗ್ಗಾಟ ಮುಗಿಯುವ ಜುಲೈವರೆಗೆ ಅಲ್ಲೇ ಉಳಿದರು.

ಅದೇ ಈಜಿಪ್ಟ್‌ನಲ್ಲಿ ಇನ್ನೊಂದು ಹಡಗು 2017ರಿಂದ ಜಪ್ತಿಯಲ್ಲಿತ್ತು. ನ್ಯಾಯಾಲಯ ಅದರಲ್ಲಿದ್ದ ಸಿರಿಯಾದ ಅಧಿಕಾರಿಯೊಬ್ಬನನ್ನೇ ಕಾವಲಿಗೆ ನೇಮಿಸಿತು. ಉಳಿದವರೆಲ್ಲ ಹೋದರು. ಅವನು ಊಟಕ್ಕೆ, ನೀರಿಗೆ, ಫೋನ್ ಚಾರ್ಜ್ ಮಾಡಲು ದಡಕ್ಕೆ ಈಜಿಕೊಂಡು ಹೋಗುತ್ತಿದ್ದ. ಮನೆಗೆ ಹೊರಟದ್ದು 2021ರ ಏಪ್ರಿಲ್‌ನಲ್ಲಿ.

ಹೀಗೆ ಮಾಲೀಕರು ಕೈಬಿಟ್ಟ ಸಿಬ್ಬಂದಿಯ ಪ್ರಕರಣಗಳು ಈಚೆಗೆ ಕಡಿಮೆಯಾಗಿಲ್ಲ, ಏರಿವೆ. ಅದೇ ಕಡಲ ಕಾರ್ಮಿಕರ ಒಪ್ಪಂದದ ಪ್ರಕಾರ 2017ರಿಂದ ನಾಲ್ಕು ತಿಂಗಳ ಬಾಕಿ ಸಂಬಳಕ್ಕೂ ಊರಿಗೆ ಕಳಿಸುವ ಖರ್ಚಿಗೂ ಹಡಗುಗಳು ವಿಮೆ ಮಾಡಿಸಿರಬೇಕು. ಮಾಡಿಸಿವೆಯೋ ಇಲ್ಲವೋ ನೋಡಬೇಕಾದದ್ದು ಮೊದಲಿಗೆ ಅದೇ ಧ್ವಜದ ದೇಶ.