ಗರ್ಭಜಲದಲ್ಲಿ ತೇಲುವ ಕಾಂಡಕೋಶಗಳು

ಕಲಬುರಗಿಯ ಹೆರಿಗೆ ವಾರ್ಡಿನಲ್ಲಿ ‘ನೀರು ಹೋಗ್ಯಾವ’ ಎಂಬ ಮಾತು ಕಿವಿಗೆ ಬಿದ್ದೊಡನೆ ದಾದಿಯರು ಚುರುಕಾಗುತ್ತಾರೆ. ಆ ನೀರೇ ಗರ್ಭಜಲ. ಐದನೆಯ ತಿಂಗಳಿನಿಂದಾಚೆ ಅದರ ಬಹುಪಾಲು ಶಿಶುವಿನ ಮೂತ್ರವೇ ಆಗಿದ್ದು, ಶಿಶು ಅದನ್ನು ನುಂಗುತ್ತ, ಮತ್ತೆ ವಿಸರ್ಜಿಸುತ್ತ ಇರುವುದರಿಂದ ಚರ್ಮ, ಶ್ವಾಸಕೋಶ, ಕರುಳು, ಮೂತ್ರಪಿಂಡಗಳಿಂದ ಕಳಚಿದ ಜೀವಕೋಶಗಳು ಅದರಲ್ಲಿ ತೇಲುತ್ತಿರುತ್ತವೆ.

ಸೋದರಿಕೆಯ ಮದುವೆಗಳು ಇನ್ನೂ ನಡೆಯುವ ನಮ್ಮ ಭಾಗದಲ್ಲಿ ಆನುವಂಶಿಕ ಕಾಯಿಲೆಗಳ ಪತ್ತೆ ಮುಖ್ಯವಾದದ್ದು. ಅದಕ್ಕಾಗಿ ಸಾಮಾನ್ಯವಾಗಿ 15ನೇ ವಾರದ ಬಳಿಕ, ಸ್ಕ್ಯಾನಿಂಗ್ ಪರದೆ ನೋಡುತ್ತ, ತಾಯಿಯ ಹೊಟ್ಟೆಯ ಮೂಲಕ ತೆಳುವಾದ ಸೂಜಿ ಇಳಿಸಿ ಸುಮಾರು 15–20 ಮಿಲಿಲೀಟರ್ ಗರ್ಭಜಲ ತೆಗೆಯುತ್ತಾರೆ. (ಇದೇ ಪರೀಕ್ಷೆ ಹಿಂದೆ ಹೆಣ್ಣುಶಿಶುಗಳ ಹತ್ಯೆಗೆ ದಾರಿಯಾಗಿತ್ತು, ಸ್ಕ್ಯಾನಿಂಗ್ ಕೇಂದ್ರಗಳ ಗೋಡೆಯ ಮೇಲಿನ ಎಚ್ಚರಿಕೆಯ ಫಲಕದ ಹಿಂದಿರುವುದು ಲಿಂಗಪತ್ತೆಯನ್ನು ನಿಷೇಧಿಸಿದ 1994ರ ಕಾಯ್ದೆ.) ಪರೀಕ್ಷೆ ಮುಗಿದ ಮೇಲೆ ಉಳಿಯುವ ಕೋಶಗಳಲ್ಲೇ ವಿಜ್ಞಾನಿಗಳಿಗೆ ನಿಧಿ ಕಂಡಿತು.

2007ರಲ್ಲಿ ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಆಂಥೊನಿ ಅಟಾಲ, ಪಾವೊಲೊ ಡಿ ಕೊಪ್ಪಿ ಮತ್ತು ಸಂಗಡಿಗರು ಈ ಕೋಶಗಳಲ್ಲಿ ನೂರಕ್ಕೆ ಸುಮಾರು ಒಂದು, ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶದ ಗುಣ ಹೊಂದಿರುವುದನ್ನು ಪ್ರಕಟಿಸಿದರು. ಸುಮಾರು 36 ಗಂಟೆಗೊಮ್ಮೆ ಇಮ್ಮಡಿಯಾಗುವ ಈ ಕೋಶಗಳನ್ನು ಪ್ರಯೋಗಾಲಯದಲ್ಲಿ ಕೊಬ್ಬು, ಮೂಳೆ, ಸ್ನಾಯು, ರಕ್ತನಾಳ, ನರ, ಯಕೃತ್ತಿನ ಕೋಶಗಳತ್ತ ತಿರುಗಿಸಲು ಸಾಧ್ಯವಾಯಿತು. ಭ್ರೂಣದ ಕಾಂಡಕೋಶಗಳನ್ನು ಇಲಿಗೆ ಚುಚ್ಚಿದರೆ ಗೆಡ್ಡೆ ಬೆಳೆಯುತ್ತದೆ, ಇವುಗಳಿಂದ ಬೆಳೆಯಲಿಲ್ಲ. ಭ್ರೂಣವನ್ನು ನಾಶಮಾಡುವ ನೈತಿಕ ಪ್ರಶ್ನೆಯೂ ಇಲ್ಲಿ ಏಳುವುದಿಲ್ಲ.

ಆದರೆ ಇದಿನ್ನೂ ಚಿಕಿತ್ಸೆಯಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ನಿಗದಿತ ಕಾಯಿಲೆಗಳಿಗೆ ರಕ್ತೋತ್ಪಾದಕ ಕಾಂಡಕೋಶಗಳ ಕಸಿಯನ್ನಷ್ಟೇ ಒಪ್ಪಿ, ಉಳಿದುದನ್ನೆಲ್ಲ ಸಂಶೋಧನೆಯ ಮಿತಿಯೊಳಗೆ ಇರಿಸಿತು. ಹೊಲ ಮಾರಿಯಾದರೂ ಮಗುವನ್ನು ಉಳಿಸಿಕೊಳ್ಳಬೇಕೆನ್ನುವ ತಂದೆತಾಯಿಗೆ ಈ ವಿಷಯ ಮೊದಲೇ ತಿಳಿದಿರಬೇಕು.

ನನಗೆ ಹೆಚ್ಚು ಭರವಸೆ ಮೂಡಿಸಿದ್ದು 2024ರಲ್ಲಿ ಲಂಡನ್ನಿನಿಂದ ಬಂದ ಫಲಿತಾಂಶ. ಇನ್ನೂ ಮುಂದುವರಿಯುತ್ತಿದ್ದ ಬಸಿರುಗಳ ಗರ್ಭಜಲದಿಂದಲೇ ಕೋಶಗಳನ್ನು ಬೇರ್ಪಡಿಸಿ, ಶ್ವಾಸಕೋಶ, ಮೂತ್ರಪಿಂಡ, ಸಣ್ಣಕರುಳುಗಳ ಪುಟ್ಟ ಮಾದರಿಗಳನ್ನು ಸಂಶೋಧಕರು ಬೆಳೆಸಿದರು. ಇವರು ಆರಿಸಿಕೊಂಡದ್ದು ಆಯಾ ಅಂಗವಾಗುವ ದಾರಿ ಹಿಡಿದಾಗಿದ್ದ ಕೋಶಗಳನ್ನು. ಎದೆಗೂಡನ್ನು ಹೊಟ್ಟೆಯಿಂದ ಬೇರ್ಪಡಿಸುವ ವಪೆಯಲ್ಲಿ ರಂಧ್ರವಿರುವ ಶಿಶುಗಳಲ್ಲಿ ಹೊಟ್ಟೆಯ ಅಂಗಗಳು ಎದೆಗೂಡಿಗೆ ನುಗ್ಗಿ ಶ್ವಾಸಕೋಶದ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತವೆ. ಅಂಥ ಶಿಶುಗಳ ಕೋಶಗಳಿಂದ ಬೆಳೆದ ಮಾದರಿಗಳು, ಗರ್ಭದಲ್ಲೇ ಚಿಕಿತ್ಸೆ ನೀಡುವ ಮೊದಲು ಒಂದು ಬಗೆಯಲ್ಲಿ, ನೀಡಿದ ಬಳಿಕ ಇನ್ನೊಂದು ಬಗೆಯಲ್ಲಿ ವರ್ತಿಸಿದವು. ಅಂದರೆ ಶಿಶುವನ್ನು ಮುಟ್ಟದೆ, ಅದರದೇ ಕೋಶಗಳ ಮೇಲೆ ಔಷಧಿಯನ್ನು ಪರೀಕ್ಷಿಸಿ ನೋಡುವ ದಾರಿ ಹೆರಿಗೆಗೆ ಮುಂಚೆಯೇ ತೆರೆಯುತ್ತಿದೆ.