ಸಾನಿಯಾ ಮಿರ್ಜಾ: 27 ಕೂಡ ಸರಿ, 1 ಕೂಡ ಸರಿ

ಶಿರಸಿಯಲ್ಲಿ ನಮ್ಮ ಭಾನುವಾರದ ಓದಿನ ಗುಂಪು ಕ್ರೀಡೆಯ ಪಾಠಕ್ಕೆ ಬಂದಾಗ ಒಂದು ಪ್ರಶ್ನೆಗೆ ಎರಡು ಉತ್ತರ ಬಂತು. ಸಾನಿಯಾ ಮಿರ್ಜಾ ತಲುಪಿದ ಅತಿ ಎತ್ತರದ ರ‍್ಯಾಂಕ್ ಎಷ್ಟು? ಕೆಲವರು 27 ಎಂದರು, ಕೆಲವರು 1 ಎಂದರು. ಯಾರೂ ತಪ್ಪು ಹೇಳಿರಲಿಲ್ಲ. ಪರೀಕ್ಷೆಯಲ್ಲಿ ಗೊಂದಲ ಆಗಬಾರದು ಅಂತ ಇದನ್ನು ಬರೆದಿದ್ದೇನೆ.

ಮಹಿಳಾ ಟೆನಿಸ್‌ನಲ್ಲಿ ಸಿಂಗಲ್ಸ್‌ಗೆ ಒಂದು ಪಟ್ಟಿ, ಡಬಲ್ಸ್‌ಗೆ ಬೇರೆ ಪಟ್ಟಿ. ಡಬಲ್ಸ್ ಪಟ್ಟಿಯಲ್ಲಿ ಒಬ್ಬೊಬ್ಬ ಆಟಗಾರ್ತಿಗೂ ಅವರದೇ ಸ್ಥಾನ ಇರುತ್ತದೆ. ಜೊತೆಗಾರ್ತಿ ಬದಲಾದರೂ ಗಳಿಸಿದ ಅಂಕ ಕೈಬಿಡುವುದಿಲ್ಲ. ಮಿಕ್ಸೆಡ್ ಡಬಲ್ಸ್ (ಒಬ್ಬ ಪುರುಷ, ಒಬ್ಬ ಮಹಿಳೆ ಜೋಡಿಯಾಗಿ ಆಡುವುದು) ಗೆದ್ದರೆ ಮಾತ್ರ ಈ ಎರಡೂ ಪಟ್ಟಿಗೆ ಅಂಕ ಸೇರುವುದಿಲ್ಲ.

ಮೊದಲು 27ರ ಕಥೆ. ಸಾನಿಯಾ ಹುಟ್ಟಿದ್ದು 1986ರಲ್ಲಿ ಮುಂಬೈಯಲ್ಲಿ, ಬೆಳೆದದ್ದು ಹೈದರಾಬಾದಿನಲ್ಲಿ. 2005 ಅವರ ವರ್ಷ. ಆಸ್ಟ್ರೇಲಿಯನ್ ಓಪನ್‌ಗೆ ವೈಲ್ಡ್ ಕಾರ್ಡ್‌ನಲ್ಲಿ (ರ‍್ಯಾಂಕ್ ಸಾಲದಿದ್ದರೂ ಸಂಘಟಕರು ಕೊಡುವ ನೇರ ಪ್ರವೇಶ) ಹೋಗಿ ಮೂರನೇ ಸುತ್ತು ಮುಟ್ಟಿದರು, ಸೆರೆನಾ ವಿಲಿಯಮ್ಸ್ ಎದುರು ಸೋತರು. ಮರು ತಿಂಗಳೇ ಹೈದರಾಬಾದಿನಲ್ಲಿ ಗೆದ್ದು, ಡಬ್ಲ್ಯೂಟಿಎ (ಮಹಿಳಾ ಟೆನಿಸ್ ಸಂಘ) ಸಿಂಗಲ್ಸ್ ಪ್ರಶಸ್ತಿ ಪಡೆದ ಭಾರತದ ಮೊದಲ ಮಹಿಳೆಯಾದರು. ಯುಎಸ್ ಓಪನ್‌ನಲ್ಲಿ ನಾಲ್ಕನೇ ಸುತ್ತಿನವರೆಗೆ ಹೋದರು. 2007ರ ಆಗಸ್ಟ್‌ನಲ್ಲಿ ಸಿಂಗಲ್ಸ್ ಪಟ್ಟಿಯಲ್ಲಿ 27ನೇ ಸ್ಥಾನ.

ಅವರ ಬಲ ಇದ್ದದ್ದು ಫೋರ್‌ಹ್ಯಾಂಡ್‌ನಲ್ಲಿ. ಚೆಂಡು ಚಪ್ಪಟೆಯಾಗಿ, ಜೋರಾಗಿ ಹೋಗುತ್ತಿತ್ತು. ಆದರೆ ಬಲ ಮಣಿಕಟ್ಟು ಕೈಕೊಟ್ಟಿತು, 2008ರಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಎರಡೂ ಮಂಡಿಗಳಿಗೂ ಶಸ್ತ್ರಚಿಕಿತ್ಸೆ ಆಗಿದೆ. ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಿ. ಸಿಂಗಲ್ಸ್ ಅಂಕಣದ ಅಗಲ 8.23 ಮೀಟರ್, ಅಷ್ಟನ್ನೂ ಒಬ್ಬರೇ ಓಡಿ ಕಾಯಬೇಕು. ಡಬಲ್ಸ್‌ನಲ್ಲಿ ಅಗಲ 10.97 ಮೀಟರ್, ಇಬ್ಬರಿಗೆ ಹಂಚಿದರೆ ತಲಾ ಸುಮಾರು ಐದೂವರೆ ಮೀಟರ್. ಓಟ ಕಡಿಮೆಯಾಯಿತು, ಫೋರ್‌ಹ್ಯಾಂಡ್ ಹಾಗೇ ಉಳಿಯಿತು. 2013ರಲ್ಲಿ ಅವರು ಸಿಂಗಲ್ಸ್ ಬಿಟ್ಟರು.

ಇದನ್ನು ಸೋಲು ಎಂದು ಬರೆದುಕೊಳ್ಳಬೇಡಿ. ನಮ್ಮ ಕಡೆ ವರ್ಷಗಟ್ಟಲೆ ಗೆಜ್ಜೆ ಕಟ್ಟಿ ಕುಣಿದ ಯಕ್ಷಗಾನ ಕಲಾವಿದರು ಮಂಡಿ ಸೋತ ಮೇಲೆ ತಾಳಮದ್ದಳೆಯಲ್ಲಿ ಕೂತು ಅರ್ಥ ಹೇಳುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ. ಎದುರಿನವರ ಮಾತಿಗೆ ಆ ಕ್ಷಣಕ್ಕೆ ಸರಿಯಾದ ಮಾತು ಹೊಳೆಯಬೇಕು. ಅದನ್ನು ಯಾರೂ ಕೆಳಗಿನ ಕಲೆ ಅನ್ನುವುದಿಲ್ಲ ಅಲ್ವಾ? ಡಬಲ್ಸ್ ಕೂಡ ಹಾಗೇ. ಅಲ್ಲಿ ಬೇಕಾದದ್ದು ಜೊತೆಯವರ ಹೆಜ್ಜೆ ಓದುವ ಕಣ್ಣು.

2015ರ ಮಾರ್ಚ್‌ನಲ್ಲಿ ಸಾನಿಯಾ ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ ಜೊತೆ ಸೇರಿದರು. ಬಲೆಯ ಹತ್ತಿರ ಹಿಂಗಿಸ್ ಚುರುಕು, ಹಿಂದಿನಿಂದ ಸಾನಿಯಾರ ಹೊಡೆತ. ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್‌ಸ್ಟನ್ ಮೂರನ್ನೂ ಸಾಲಾಗಿ ಗೆದ್ದರು. ಏಪ್ರಿಲ್ 13ರಂದು ಸಾನಿಯಾ ಡಬಲ್ಸ್‌ನಲ್ಲಿ ಜಗತ್ತಿಗೆ ಮೊದಲಿಗರು. ನಿಮ್ಮ 1 ಬಂದದ್ದು ಇಲ್ಲಿಂದ. ಆ ವರ್ಷದ ವಿಂಬಲ್ಡನ್ ಫೈನಲ್ ನನಗೆ ತುಂಬಾ ಇಷ್ಟ. ಮಕರೋವಾ, ವೆಸ್ನಿನಾ ಎದುರು ಮೊದಲ ಸೆಟ್ ಹೋಯಿತು. ಮೂರನೇ ಸೆಟ್‌ನಲ್ಲಿ 2-5 ಹಿಂದೆ. ಅಲ್ಲಿಂದ ಎದ್ದು 5-5 ಮಾಡಿದರು. ಬೆಳಕು ಕಡಿಮೆಯಾಗಿ ಅಂಕಣದ ಚಾವಣಿ ಮುಚ್ಚಿದರು. ಮತ್ತೆ ಬಂದು 7-5ಕ್ಕೆ ಮುಗಿಸಿದರು! ಆಮೇಲೆ ಯುಎಸ್ ಓಪನ್, 2016ರ ಆಸ್ಟ್ರೇಲಿಯನ್ ಓಪನ್. ಒಟ್ಟು 41 ಪಂದ್ಯ ಸತತ ಗೆಲುವು, ಅದು ನಿಂತದ್ದು ದೋಹಾದಲ್ಲಿ.

ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್, ಯುಎಸ್ ಈ ನಾಲ್ಕು ದೊಡ್ಡ ಟೂರ್ನಿಗಳೇ ಗ್ರ್ಯಾಂಡ್ ಸ್ಲಾಮ್. ಅವುಗಳಲ್ಲಿ ಸಾನಿಯಾ ಗೆದ್ದ ಆರು ಪ್ರಶಸ್ತಿ ನೆನಪಿಡಲು ಸುಲಭ. ಮಹಿಳಾ ಡಬಲ್ಸ್‌ನ ಮೂರೂ ಹಿಂಗಿಸ್ ಜೊತೆ. ಮಿಕ್ಸೆಡ್‌ನಲ್ಲಿ ಮಹೇಶ್ ಭೂಪತಿ ಜೊತೆ ಎರಡು (2009ರ ಆಸ್ಟ್ರೇಲಿಯನ್, 2012ರ ಫ್ರೆಂಚ್), ಬ್ರೂನೊ ಸೊವಾರೆಸ್ ಜೊತೆ 2014ರ ಯುಎಸ್ ಓಪನ್. ಡಬ್ಲ್ಯೂಟಿಎ ಡಬಲ್ಸ್ ಪ್ರಶಸ್ತಿಗಳು 43, ಮೊದಲ ಸ್ಥಾನದಲ್ಲಿ 91 ವಾರ. ದೇಶದ ಅತ್ಯುನ್ನತ ಕ್ರೀಡಾ ಪ್ರಶಸ್ತಿ ಖೇಲ್ ರತ್ನ 2015ರಲ್ಲಿ.

2018ರಲ್ಲಿ ಮಗ ಹುಟ್ಟಿದ. 2020ರ ಜನವರಿಯಲ್ಲಿ ವಾಪಸ್ ಬಂದವರೇ ಹೋಬಾರ್ಟ್‌ನಲ್ಲಿ ಡಬಲ್ಸ್ ಗೆದ್ದರು. ಕೊನೆಯ ಟೂರ್ನಿ 2023ರ ಫೆಬ್ರುವರಿಯಲ್ಲಿ ದುಬೈಯಲ್ಲಿ. ಅದಕ್ಕೆ ಸ್ವಲ್ಪ ಮೊದಲು ಆಸ್ಟ್ರೇಲಿಯನ್ ಓಪನ್ ಮಿಕ್ಸೆಡ್ ಫೈನಲ್ ಆಡಿ ಸೋತರು. ಜೊತೆಗಿದ್ದವರು ನಮ್ಮ ಕೊಡಗಿನ ರೋಹನ್ ಬೋಪಣ್ಣ. ಸಾನಿಯಾ ತಮ್ಮ 14ನೇ ವಯಸ್ಸಿನಲ್ಲಿ ಮೊದಲ ಸಲ ಮಿಕ್ಸೆಡ್ ಡಬಲ್ಸ್ ಆಡಿದ್ದು ಇದೇ ಬೋಪಣ್ಣ ಜೊತೆ.